ಸೀಟಿಗಾಗಿ ಕಾಯಬೇಡಿ

ಮೈಸೂರು, ಮಂಡ್ಯ ಮತ್ತು ಸುತ್ತಲಿನ ಊರುಗಳಲ್ಲಿ ಈ ಹೊತ್ತಿಗೆ ರೇಡಿಯೊ ಹಚ್ಚಿಕೊಂಡು ಕುಳಿತಿರುವ ಎಲ್ಲ ಕೇಳುಗರಿಗೂ ನನ್ನ ನಮಸ್ಕಾರ. ನಾಡಿದ್ದು, ಅಂದರೆ 2025ರ ಏಪ್ರಿಲ್ 12ರ ಶನಿವಾರ ರಾತ್ರಿ ಏಳೂವರೆಗೆ, ಕೋಲ್ಕತ್ತದ ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ಇಂಡಿಯನ್ ಸೂಪರ್ ಲೀಗ್ ಫುಟ್‌ಬಾಲಿನ ಫೈನಲ್ ಪಂದ್ಯ ನಡೆಯಲಿದ್ದು, ನಮ್ಮ ಬೆಂಗಳೂರು ಎಫ್‌ಸಿ ತಂಡವು ಮೋಹನ್ ಬಾಗನ್ ತಂಡವನ್ನು ಎದುರಿಸಲಿದೆ. ದೈಹಿಕ ಶಿಕ್ಷಣ ಬೋಧಕನಾಗಿ ನಿವೃತ್ತನಾದ, ಜಿಲ್ಲಾ ಮಟ್ಟದ ಪಂದ್ಯಗಳಲ್ಲಿ ಬಹಳ ವರ್ಷ ರೆಫರಿಯಾಗಿ ಓಡಾಡಿದ ನನ್ನನ್ನು, ಈ ವಾರವೆಲ್ಲ ದಾರಿಯಲ್ಲಿ ಸಿಕ್ಕವರು ತಡೆದು ನಿಲ್ಲಿಸಿ ಯಾರು ಗೆಲ್ಲುತ್ತಾರೆಂದು ಕೇಳುತ್ತಿದ್ದಾರೆ. ಜ್ಯೋತಿಷ್ಯ ನನಗೆ ಬಾರದು. ನನಗೆ ಬರುವುದು ಆಟದ ನಿಯಮ, ಅದರಲ್ಲೂ ಒಂದೇ ಒಂದು ನಿಯಮವನ್ನು ನಿಮ್ಮ ಕಿವಿಗೆ ಹಾಕಿ ಹೋಗಬೇಕೆಂದು ಇಲ್ಲಿಗೆ ಬಂದಿದ್ದೇನೆ.

ಆ ನಿಯಮ ಇಷ್ಟೇ. ಫೌಲ್ ಆದಾಗ ರೆಫರಿ ಸೀಟಿ ಊದುತ್ತಾರೆ, ಆಟ ನಿಲ್ಲುತ್ತದೆ. ಮತ್ತೆ ಆಟ ಆರಂಭಿಸಲು ಸಾಮಾನ್ಯವಾಗಿ ಇನ್ನೊಂದು ಸೀಟಿ ಬೇಕಿಲ್ಲ. ಚೆಂಡು ಸರಿಯಾದ ಜಾಗದಲ್ಲಿ ಅಲುಗಾಡದೆ ನಿಂತಿದ್ದರೆ, ಫ್ರೀ ಕಿಕ್, ಅಂದರೆ ಎದುರಾಳಿಯ ಫೌಲಿಗೆ ಪ್ರತಿಯಾಗಿ ಚೆಂಡು ಒದೆಯುವ ಅವಕಾಶ, ಪಡೆದ ತಂಡ ಆ ಕ್ಷಣದಲ್ಲೇ ಒದೆಯಬಹುದು. ಎದುರಾಳಿಗಳು ಸಿದ್ಧರಾಗಿದ್ದಾರೆಯೇ ಎಂದು ಕೇಳುವ ಗೊಡವೆ ಅವರಿಗಿಲ್ಲ.

ಇಷ್ಟು ಸಣ್ಣ ಮಾತಿಗೆ ಒಂದು ಭಾಷಣವೇ ಎಂದು ನಿಮಗೆ ಅನ್ನಿಸಬಹುದು. ಪ್ಲೇಆಫ್ ಎಂದರೇನೆಂದು ಒಮ್ಮೆ ನೋಡಿದರೆ ಹಾಗೆ ಅನ್ನಿಸುವುದಿಲ್ಲ. ಈ 2024–25ರ ಋತುವಿನಲ್ಲಿ ಹದಿಮೂರು ತಂಡಗಳು ತಲಾ 24 ಪಂದ್ಯಗಳನ್ನು ಆಡಿ ಮುಗಿಸಿದ ಮೇಲೆ ಮೊದಲ ಆರು ತಂಡಗಳು ಉಳಿದವು. ಮೊದಲೆರಡು ಸ್ಥಾನದವರು ನೇರವಾಗಿ ಸೆಮಿಫೈನಲಿಗೆ ಹೋದರು, ಉಳಿದ ನಾಲ್ವರು ಒಂದೊಂದೇ ಪಂದ್ಯದಲ್ಲಿ ತಮ್ಮ ಹಣೆಬರಹವನ್ನು ತೀರ್ಮಾನಿಸಿಕೊಂಡರು. ಈ ಸಲ ಲೀಗಿನಲ್ಲಿ ಮೋಹನ್ ಬಾಗನ್ ಗಳಿಸಿದ್ದು 56 ಅಂಕ, ಮೂರನೆಯವರಾದ ನಮ್ಮವರು ಗಳಿಸಿದ್ದು 38. ಆ ಹದಿನೆಂಟು ಅಂಕಗಳ ಅಂತರಕ್ಕೆ ಶನಿವಾರ ಮೂರು ಕಾಸಿನ ಬೆಲೆಯೂ ಇಲ್ಲ. ಆರು ತಿಂಗಳ ಬೆಳೆಯನ್ನು ಒಂದು ರಾತ್ರಿಯ ಆಲಿಕಲ್ಲು ಮಳೆ ಮಲಗಿಸುವ ಹಾಗೆ, ಇಡೀ ಋತುವಿನ ದುಡಿಮೆಯನ್ನು ಒಂದು ಗಳಿಗೆಯ ಮೈಮರೆವು ಕೆಡವಬಲ್ಲದು. ಆ ಮೈಮರೆವು ಹೆಚ್ಚಾಗಿ ಬರುವುದು ಆಟ ನಿಂತಿದೆ ಎಂದು ಎಲ್ಲರೂ ಅಂದುಕೊಂಡಿರುವಾಗಲೇ.

ಯುಗಾದಿಯ ಹಿಂದಿನ ದಿನ ಕಂಠೀರವ ಕ್ರೀಡಾಂಗಣದಲ್ಲಿ ನಮ್ಮವರು ಮುಂಬೈ ತಂಡವನ್ನು ಐದು ಗೋಲುಗಳಿಂದ ಸೋಲಿಸಿದಾಗ ನಮ್ಮ ಬೀದಿಯ ಹುಡುಗರು ಫೈನಲನ್ನೇ ಗೆದ್ದವರಂತೆ ಕುಣಿದರು. ಗೋವಾ ವಿರುದ್ಧದ ಸೆಮಿಫೈನಲಿನ ಮೊದಲ ಪಂದ್ಯವನ್ನೂ 2–0ಯಿಂದ ಗೆದ್ದ ಮೇಲೆ ಅವರನ್ನು ಹಿಡಿಯುವವರೇ ಇರಲಿಲ್ಲ. ಕಳೆದ ಭಾನುವಾರ ಶ್ರೀರಾಮನವಮಿ. ಪಾನಕ, ಕೋಸಂಬರಿ ಮುಗಿಸಿ ಹತ್ತು ಹನ್ನೆರಡು ಹುಡುಗರು ನಮ್ಮ ಪಕ್ಕದ ಮನೆಯ ಟಿ.ವಿ.ಯ ಮುಂದೆ ನೀಲಿ ಅಂಗಿ ತೊಟ್ಟು ಕುಳಿತಿದ್ದರು. ಗೋವಾದವರು ತಮ್ಮ ನೆಲದಲ್ಲಿ ಒಂದು ಗೋಲು ಹೊಡೆದಾಗ ಸದ್ದು ಇಳಿಯಿತು. 88ನೇ ನಿಮಿಷದಲ್ಲಿ ಎರಡನೆಯದೂ ಬಿದ್ದು ಎರಡು ಪಂದ್ಯಗಳ ಒಟ್ಟು ಲೆಕ್ಕ ಸಮವಾದಾಗ, ಆ ಮನೆಯ ದೊಡ್ಡ ಹುಡುಗ ಸಿಟ್ಟಿನಿಂದ ಟಿ.ವಿ. ಆರಿಸಿ, ರಿಮೋಟನ್ನು ದಿಂಬಿನ ಕೆಳಗೆ ತುರುಕಿ ಎದ್ದುಹೋದ. ಉಳಿದವರು ರಿಮೋಟು ಹುಡುಕಿ ಮತ್ತೆ ಹಚ್ಚುವಷ್ಟರಲ್ಲಿ, ತೊಂಬತ್ತು ನಿಮಿಷದ ಕೊನೆಗೆ ರೆಫರಿ ಸೇರಿಸಿದ ಸಮಯದ ಎರಡನೇ ನಿಮಿಷದಲ್ಲಿ, ನಮ್ಮ ತಂಡದ ನಲವತ್ತು ವರ್ಷದ ಸುನಿಲ್ ಛೆಟ್ರಿ ತಲೆಯಿಂದ ಚೆಂಡನ್ನು ಬಲೆಗೆ ಸೇರಿಸಿಯಾಗಿತ್ತು. ಫೈನಲಿಗೆ ಕರೆದೊಯ್ದ ಗೋಲನ್ನು ಆ ಹುಡುಗರು ಮರುಪ್ರಸಾರದಲ್ಲಿ ನೋಡಿದರು. ಕಾಂಪೌಂಡಿನ ಆಚೆ ನಾನು ನನ್ನ ಮನೆಯಲ್ಲಿ ಒಬ್ಬನೇ ಎದ್ದು ನಿಂತಿದ್ದೆ.

ಈಗ ನಾನು ಹೇಳಬೇಕೆಂದಿರುವ ಪ್ರಸಂಗಕ್ಕೆ ಬರುತ್ತೇನೆ. 2023ರ ಮಾರ್ಚ್ 3, ಶುಕ್ರವಾರ. ಕಂಠೀರವದಲ್ಲಿ ಬೆಂಗಳೂರು ಮತ್ತು ಕೇರಳ ಬ್ಲಾಸ್ಟರ್ಸ್ ನಡುವೆ ಪ್ಲೇಆಫ್ ಪಂದ್ಯ. ಸೋತವರು ಮನೆಗೆ, ಗೆದ್ದವರು ಸೆಮಿಫೈನಲಿಗೆ. ನಾನು ಮೈಸೂರಿನಿಂದ ಮಧ್ಯಾಹ್ನದ ರೈಲು ಹತ್ತಿದೆ, ಮಂಡ್ಯದಲ್ಲಿ ನನ್ನ ಷಡ್ಡಕ ಜೊತೆಗೂಡಿದ. ಅವನು ಕಬ್ಬು ಬೆಳೆಯುವ ಮನುಷ್ಯ, ಕಬಡ್ಡಿಯನ್ನು ಬಿಟ್ಟರೆ ಬೇರೆ ಆಟ ನೋಡಿದವನಲ್ಲ. ಬೆಂಗಳೂರಿನಲ್ಲಿ ಏನೋ ಕೆಲಸವಿತ್ತು, ಟಿಕೆಟ್ ನಾನು ಕೊಡಿಸುತ್ತೇನೆಂದ ಮೇಲೆ ಬಂದ. ಮದ್ದೂರಿನಲ್ಲಿ ವಡೆ ಕೊಂಡೆವು. ಕ್ರೀಡಾಂಗಣದ ಹೊರಗೆ ಅವನು ಅರ್ಧ ಸೇರಿನಷ್ಟು ಹುರಿದ ಕಡಲೆಕಾಯಿಯನ್ನು ಕಾಗದದ ಪೊಟ್ಟಣದಲ್ಲಿ ಕಟ್ಟಿಸಿಕೊಂಡ.

ಒಳಗೆ ಹೋದರೆ ಅರ್ಧ ನೀಲಿ, ಅರ್ಧ ಹಳದಿ. ಪಶ್ಚಿಮದ ಕಡೆ ವೆಸ್ಟ್ ಬ್ಲಾಕ್ ಬ್ಲೂಸ್ ಎಂಬ ಅಭಿಮಾನಿಗಳ ಗುಂಪು ತೊಂಬತ್ತು ನಿಮಿಷವೂ ಕೂರದೆ ಹಾಡುತ್ತಿತ್ತು. ನಮ್ಮ ಎಡಕ್ಕೆ ಹಳದಿ ಅಂಗಿಯ ಒಂದು ಮಲಯಾಳಿ ಕುಟುಂಬ ಕುಳಿತಿತ್ತು. ಆ ತಾಯಿ ಬಾಳೆಕಾಯಿ ಚಿಪ್ಸ್ ಕೊಟ್ಟರು, ನಮ್ಮವನು ಕಡಲೆಕಾಯಿ ಕೊಟ್ಟ. ನಿಗದಿತ ಸಮಯ ಮುಗಿದರೂ ಗೋಲಿಲ್ಲ. "ಅಣ್ಣಾ, ಇಷ್ಟ್ ಹೊತ್ತು ಓಡಾಡಿ ಯಾರೂ ಏನೂ ಮಾಡ್ಲಿಲ್ವಲ್ಲಾ" ಎಂದು ನಮ್ಮವನು ನೊಂದುಕೊಂಡ. ಅರ್ಧ ಗಂಟೆಯ ಹೆಚ್ಚುವರಿ ಆಟ ಆರಂಭವಾಯಿತು. 96ನೇ ನಿಮಿಷದ ಹೊತ್ತಿಗೆ ಕೇರಳದ ಪೆನಾಲ್ಟಿ ಆವರಣದ ಹೊರಗೆ ನಮ್ಮವರಿಗೆ ಒಂದು ಫ್ರೀ ಕಿಕ್ ಸಿಕ್ಕಿತು.

ಆ ಗಳಿಗೆಯನ್ನು ನಿಧಾನವಾಗಿ ಹೇಳುತ್ತೇನೆ, ದಯವಿಟ್ಟು ಗಮನಿಸಿ. ಸೀಟಿ ಆದೊಡನೆ ಇಡೀ ಕ್ರೀಡಾಂಗಣ ಕುಳಿತುಕೊಂಡಿತು. ಜನ ನೀರಿನ ಬಾಟಲಿ ಹುಡುಕಿದರು. ಆ ತಾಯಿ ಮಗುವಿನ ಮೂಗು ಒರೆಸುತ್ತಿದ್ದರು. ನನ್ನ ಷಡ್ಡಕ ತಲೆ ಬಗ್ಗಿಸಿ, ಬಹಳ ಶ್ರದ್ಧೆಯಿಂದ ಒಂದು ಮೂರು ಬೀಜದ ಕಡಲೆಕಾಯಿಯನ್ನು ಬಿಡಿಸುತ್ತಿದ್ದ. ಮೈದಾನದೊಳಗೆ ಕೇರಳದ ಗೋಲ್‌ಕೀಪರ್ ಗೋಲಿನ ಒಂದು ಬದಿಗೆ ಸರಿದು, ಚೆಂಡಿಗೆ ಅಡ್ಡವಾಗಿ ಆಟಗಾರರು ಸಾಲುಗಟ್ಟಿ ನಿಲ್ಲುವ ಗೋಡೆಯಲ್ಲಿ ಯಾರು ಎಲ್ಲಿ ನಿಲ್ಲಬೇಕೆಂದು ಕೈ ಬೀಸಿ ಹೇಳುತ್ತಿದ್ದರು. ಛೆಟ್ರಿ ಚೆಂಡಿನ ಮೇಲೆ ನಿಂತಿದ್ದರು. ಅವರು ರೆಫರಿಯ ಕಡೆ ನೋಡಿ ಗೋಡೆಯನ್ನು ಹಿಂದಕ್ಕೆ ಸರಿಸಿಕೊಡಿ ಎಂದು ಕೇಳುತ್ತಿಲ್ಲವೆಂಬುದು ನನ್ನ ಕಣ್ಣಿಗೆ ಬಿತ್ತು. ನಾನು ಎದ್ದು ನಿಂತೆ. ಹಿಂದಿನವರು "ಕೂತ್ಕೊಳ್ರೀ ಯಜಮಾನ್ರೇ" ಎಂದು ಗದರಿದರು. ಅವರ ಮಾತು ಮುಗಿಯುವ ಮೊದಲೇ ಚೆಂಡು ಬಲೆಯಲ್ಲಿತ್ತು.

"ಏನಾಯ್ತಣ್ಣ? ಯಾರ್ ಹೊಡುದ್ರು?" ಎಂದ ನನ್ನ ಷಡ್ಡಕ. ಸಾವಿರಾರು ರೂಪಾಯಿ ಖರ್ಚು ಮಾಡಿ ದೂರದೂರಿಂದ ಬಂದ ಎಷ್ಟೋ ಅಭಿಮಾನಿಗಳು ಅದೇ ಪ್ರಶ್ನೆಯನ್ನು ಪಕ್ಕದವರಿಗೆ ಕೇಳುತ್ತಿದ್ದರು. ಗೋಲೋ ಅಲ್ಲವೋ ಎಂದು ಅರ್ಧ ನಿಮಿಷ ಯಾರಿಗೂ ತಿಳಿಯಲಿಲ್ಲ. ರೆಫರಿ ಗೋಲು ಕೊಟ್ಟರು. ಕೇರಳದ ಆಟಗಾರರು ಅವರನ್ನು ಸುತ್ತುವರಿದರು. ಕೊನೆಗೆ ಅವರ ತರಬೇತುದಾರರು ತಂಡವನ್ನೇ ಮೈದಾನದಿಂದ ಹೊರಗೆ ಕರೆದುಕೊಂಡು ಹೋದರು. ಕಾದು ಕಾದು, ಅವರು ಬರುವುದಿಲ್ಲವೆಂದು ಖಚಿತವಾದ ಮೇಲೆ ಪಂದ್ಯವನ್ನು ಬೆಂಗಳೂರಿಗೆ ಕೊಡಲಾಯಿತು. ಮುಂದೆ ಭಾರತೀಯ ಫುಟ್‌ಬಾಲ್ ಫೆಡರೇಷನ್ನಿನ ಶಿಸ್ತು ಸಮಿತಿಯು ಕೇರಳ ತಂಡಕ್ಕೆ ನಾಲ್ಕು ಕೋಟಿ ರೂಪಾಯಿ ದಂಡವನ್ನೂ, ತರಬೇತುದಾರರಿಗೆ ಹತ್ತು ಪಂದ್ಯಗಳ ನಿಷೇಧವನ್ನೂ ವಿಧಿಸಿತು. ಅದು ಮೈದಾನ ಬಿಟ್ಟು ಹೋದದ್ದಕ್ಕೆ ತೆತ್ತ ಬೆಲೆ; ಸೀಟಿಗಾಗಿ ಕಾದು ನಿಂತದ್ದಕ್ಕೆ ತೆತ್ತ ಬೆಲೆ ಆ ಗೋಲು. ಆ ರಾತ್ರಿ ಸ್ಯಾಟಲೈಟ್ ಬಸ್ ನಿಲ್ದಾಣದಿಂದ ಮಂಡ್ಯ ತಲುಪುವವರೆಗೂ ನಾನು ಷಡ್ಡಕನಿಗೆ ಇದನ್ನೇ ವಿವರಿಸಿದೆ. ಬಿಡದಿ ದಾಟುವಷ್ಟರಲ್ಲಿ ಅವನು ನಿದ್ದೆ ಹೋಗಿದ್ದನೆಂದು ಆಮೇಲೆ ತಿಳಿಯಿತು.

ಇದು ಮೋಸವಲ್ಲವೇ ಎಂದು ಇಂದಿಗೂ ನನ್ನನ್ನು ಕೇಳುವವರಿದ್ದಾರೆ. ಅಲ್ಲ. ಎದುರಾಳಿಗಳು ಚೆಂಡಿನಿಂದ 9.15 ಮೀಟರ್ ದೂರ ನಿಲ್ಲಬೇಕೆಂಬುದು ಒದೆಯುವ ತಂಡಕ್ಕೆ ಕೊಟ್ಟ ಅನುಕೂಲ. ಆ ಅನುಕೂಲ ಬೇಕೆಂದು ಅವರು ಕೇಳಿದರೆ ರೆಫರಿ ತಮ್ಮ ಸೀಟಿಯನ್ನು ಕೈಯಲ್ಲಿ ಹಿಡಿದು ತೋರಿಸಿ, ದೂರ ಅಳೆದು ಗೋಡೆಯನ್ನು ನಿಲ್ಲಿಸುತ್ತಾರೆ. ಆಗ ಎರಡನೇ ಸೀಟಿಯವರೆಗೆ ಕಾಯಬೇಕು. ಬೇಡವೆಂದರೆ ಹಾಗೆಯೇ ಒದೆಯಬಹುದು. ಫೌಲ್ ಮಾಡಿದವರಿಗೆ ಗೋಡೆ ಕಟ್ಟಲು ಬಿಡುವು ಕೊಡಬೇಕೆಂದು ಯಾವ ಪುಸ್ತಕದಲ್ಲೂ ಬರೆದಿಲ್ಲ. ತಪ್ಪು ಮಾಡಿದವನು ಅಂಗಿಯ ಗುಂಡಿ ಹಾಕಿಕೊಳ್ಳುವವರೆಗೂ ಅನ್ಯಾಯವಾದವನು ಕಾಯುತ್ತ ನಿಲ್ಲಬೇಕೆಂಬುದು ಎಲ್ಲಿಯ ನ್ಯಾಯ?

ನನ್ನ ಅನುಮಾನದಲ್ಲಿ ನಮ್ಮ ಜನರ ಕಣ್ಣನ್ನು ಕೆಡಿಸಿರುವುದು ಕ್ರಿಕೆಟ್. ಅಲ್ಲಿ ಬ್ಯಾಟು ಹಿಡಿದವನು ಸಿದ್ಧನಾಗುವವರೆಗೂ ಎಸೆತವಿಲ್ಲ, ಓವರು ಮುಗಿದರೆ ಎಲ್ಲರೂ ಜಾಗ ಬದಲಿಸುತ್ತಾರೆ, ಆ ಬಿಡುವಿನಲ್ಲಿ ನಾವು ಕಾಫಿ ಬೆರೆಸಿಕೊಂಡು ಬರಬಹುದು. ಫುಟ್‌ಬಾಲಿನಲ್ಲಿ ಅಂತಹ ಬಿಡುವೆಂದರೆ ಮಧ್ಯಂತರದ ಹದಿನೈದು ನಿಮಿಷ ಮಾತ್ರ. ಅದರ ಹೊರಗೆ ಅಡುಗೆಮನೆಗೆ ಹೋದರೆ ನಷ್ಟ ನಿಮ್ಮದೇ.

ನನಗೆ ಕೊಟ್ಟ ಸಮಯ ಬಹುಪಾಲು ಮುಗಿದಿರುವುದರಿಂದ ಉಳಿದವನ್ನು ಬೇಗ ಬೇಗ ಹೇಳಿಬಿಡುತ್ತೇನೆ. ಮೈದಾನದ ಮೂಲೆಯಿಂದ ಒದೆಯುವ ಕಾರ್ನರ್ ಕಿಕ್ಕಿಗೂ ಸೀಟಿ ಬೇಕಿಲ್ಲ. 2019ರ ಮಾರ್ಚ್ 17ರಂದು ಮುಂಬೈಯಲ್ಲಿ ನಡೆದ ಫೈನಲಿನ 117ನೇ ನಿಮಿಷದಲ್ಲಿ, ಕಾರ್ನರಿನಿಂದ ಬಂದ ಚೆಂಡಿಗೆ ರಾಹುಲ್ ಭೆಕೆ ತಲೆ ಕೊಟ್ಟದ್ದರಿಂದಲೇ ಬೆಂಗಳೂರು ಗೋವಾವನ್ನು ಸೋಲಿಸಿ ಚಾಂಪಿಯನ್ ಆದದ್ದು. ಎರಡು ಪಂದ್ಯಗಳ ಒಟ್ಟು ಲೆಕ್ಕ ಸಮವಾದಾಗ ಎದುರಾಳಿಯ ನೆಲದಲ್ಲಿ ಹೊಡೆದ ಗೋಲಿಗೆ ಹೆಚ್ಚಿನ ಬೆಲೆಯಿದೆಯೆಂದು ಕೆಲವರು ಇನ್ನೂ ವಾದಿಸುತ್ತಾರೆ. ಅದು ಹಳೆಯ ಮಾತು, ಯುರೋಪಿನವರೇ 2021ರಲ್ಲಿ ಅದನ್ನು ಕೈಬಿಟ್ಟರು. ನಮ್ಮಲ್ಲಿ ಅದು ಜಾರಿಯಲ್ಲಿದ್ದಿದ್ದರೆ 2023ರ ಸೆಮಿಫೈನಲಿನಲ್ಲಿ, ಅಂದರೆ ಮಂಡ್ಯದಲ್ಲಿ ಹೊಸ ಹೆದ್ದಾರಿ ಉದ್ಘಾಟನೆಯಾದ ಮಾರ್ಚ್ 12ರ ಆ ಭಾನುವಾರ, ನಮ್ಮ ನೆಲದಲ್ಲಿ ಎರಡು ಗೋಲು ಹೊಡೆದ ಮುಂಬೈ ತಂಡವೇ ಮುಂದೆ ಹೋಗುತ್ತಿತ್ತು. ಪೆನಾಲ್ಟಿಗಳಲ್ಲಿ 9–8ರಿಂದ ಗೆದ್ದವರು ನಾವು. ವಿಡಿಯೊ ನೋಡಿ ತೀರ್ಪು ಬದಲಿಸುವ ವ್ಯವಸ್ಥೆ ನಮ್ಮ ಲೀಗಿನಲ್ಲಿಲ್ಲ. ಶನಿವಾರ ರೆಫರಿ ಕೊಟ್ಟದ್ದೇ ಕೊನೆಯ ಮಾತು, ಆದ್ದರಿಂದ ಟಿ.ವಿ.ಯನ್ನು ಬೈದು ಪ್ರಯೋಜನವಿಲ್ಲ. ಮೋಹನ್ ಬಾಗನ್ ಬಗ್ಗೆ ಹೇಳುವುದು ಬಹಳವಿತ್ತು. 2023ರ ಫೈನಲಿನಲ್ಲಿ ಪೆನಾಲ್ಟಿಗಳಲ್ಲಿ ನಮ್ಮನ್ನು ಸೋಲಿಸಿದವರು ಅವರೇ, ಈ ಸಲ ಆಟವೂ ಅವರದೇ ಊರಿನಲ್ಲಿ. ಇಷ್ಟಕ್ಕೆ ಬಿಡುತ್ತೇನೆ.

ಶನಿವಾರ ಫೌಲಿನ ಸೀಟಿ ಕೇಳಿದೊಡನೆ ಚೆಂಡಿನ ಹತ್ತಿರ ಯಾರು ನಿಂತಿದ್ದಾರೆ, ಅವರು ರೆಫರಿಯ ಕಡೆ ನೋಡುತ್ತಿದ್ದಾರೋ ಗೋಲಿನ ಕಡೆ ನೋಡುತ್ತಿದ್ದಾರೋ ಗಮನಿಸಿ. ಗೋಲಿನ ಕಡೆ ನೋಡುತ್ತಿದ್ದರೆ ಕೂರಬೇಡಿ. ನನ್ನ ಷಡ್ಡಕ ಸಂಜೆಯ ರೈಲಿಗೆ ಮಂಡ್ಯದಿಂದ ನಮ್ಮ ಮನೆಗೆ ಬರುತ್ತಿದ್ದಾನೆ. ಕಡಲೆಕಾಯಿಯನ್ನು ಅಲ್ಲೇ ಸುಲಿದು ಡಬ್ಬಿಗೆ ತುಂಬಿಕೊಂಡು ಬರುವಂತೆ ಫೋನಿನಲ್ಲಿ ಹೇಳಿದ್ದೇನೆ. ನಮಸ್ಕಾರ.