ಗ್ರೂಪ್ ಫೋಟೋ ಆದ್ಮೇಲೆ ಏನ್ ಮಾಡೋಣ?

ಎಲ್ರಿಗೂ ಶರಣು, ನಮಸ್ಕಾರ. ವೇದಿಕೆ ಮೇಲಿರೋ ಪೂಜ್ಯ ಸ್ವಾಮೀಜಿಯವರೇ, ಫಾದರ್, ಮೌಲಾನಾ ಸಾಹೇಬ್ರೇ, ಧ್ಯಾನ ಕೇಂದ್ರದಿಂದ ಬಂದಿರೋ ಅಕ್ಕಂದಿರೇ, ಭಜನಾ ಮಂಡಳಿಯವರೇ, ಕುರ್ಚಿ ಸಿಗದೆ ಹಿಂದೆ ನಿಂತಿರೋ ಹುಡುಗರೇ. ನಂಗೆ ಕೊಟ್ಟಿರೋ ವಿಷಯ ಸಮಾಜ ಪರಿವರ್ತನೆಗೆ ಆಧ್ಯಾತ್ಮಿಕ ಸಂಸ್ಥೆಗಳ ಒಕ್ಕೂಟ ಅಂತ. ಅರ್ಧ ಗಂಟೇಲಿ ಮುಗಿಯೋ ವಿಷಯ ಅಲ್ಲ ಇದು, ಅದಕ್ಕೆ ಒಂದು ಊರಿನ ಕತೆ ಹಿಡ್ಕೊಂಡು ಹೋಗ್ತೀನಿ, ಬೇಜಾರಾದ್ರೆ ಮಧ್ಯದಲ್ಲೇ ಕೈ ಎತ್ತಿ.

ನಮ್ಮ ಕಡೆ ಸರ್ವಧರ್ಮ ಸಮ್ಮೇಳನಕ್ಕೇನೂ ಬರ ಇಲ್ಲ. ದೀಪ ಹಚ್ತೀವಿ, ಶಾಲು ಹೊದಿಸ್ತೀವಿ, ಹಣ್ಣಿನ ಬುಟ್ಟಿ ಕೊಡ್ತೀವಿ, ಎಲ್ಲ ಧರ್ಮದ ಸಾರ ಒಂದೇ ಅಂತ ನಾಲ್ಕೈದು ಜನ ಮಾತಾಡ್ತೀವಿ, ಗ್ರೂಪ್ ಫೋಟೋ ಆಗುತ್ತೆ, ಊಟ ಆಗುತ್ತೆ, ಮಾರನೇ ದಿನ ಊರು ಹೆಂಗಿತ್ತೋ ಹಂಗೇ ಇರುತ್ತೆ. ಬೈಯೋಕೆ ಹೇಳ್ತಿಲ್ಲ, ಈಗಿನ ಕಾಲದಲ್ಲಿ ಒಂದೇ ಪಂಕ್ತೀಲಿ ಕೂತು ಊಟ ಮಾಡೋದೂ ಸಣ್ಣ ವಿಷಯ ಏನಲ್ಲ. ಆದ್ರೆ ನನ್ನ ತಕರಾರು ಇಷ್ಟೇ, ಸಾರ ಒಂದೇನಾ ಬೇರೆನಾ ಅನ್ನೋದು ತೀರ್ಮಾನ ಆಗದೇ ಇದ್ರೂ ಒಕ್ಕೂಟ ಕಟ್ಟಬಹುದು. ಒಬ್ಬರ ಕೈಲಿ ಆಗದೇ ಇರೋ, ಎಲ್ರೂ ಸೇರಿದ್ರೆ ಮಾತ್ರ ಆಗೋ ಒಂದು ಕೆಲಸ ಬೇಕು ಅಷ್ಟೇ. ಅಂಥ ಕೆಲಸ ಇಲ್ದೆ ಇದ್ರೆ ಒಕ್ಕೂಟಕ್ಕೆ ಲೆಟರ್‌ಹೆಡ್ ಬಿಟ್ಟು ಬೇರೇನೂ ಇರಲ್ಲ.

ಈಗ ಊರಿನ ಕತೆ. ಅಮೆರಿಕದ ಅಲಬಾಮಾ ರಾಜ್ಯದ ಮಾಂಟ್‌ಗೊಮರಿ. 1955ರ ಡಿಸೆಂಬರ್ 1ನೇ ತಾರೀಕು ರೋಸಾ ಪಾರ್ಕ್ಸ್ ಅನ್ನೋ ಕಪ್ಪು ಹೆಣ್ಣುಮಗಳು ಬಸ್ಸಲ್ಲಿ ಬಿಳಿಯರಿಗೆ ಸೀಟು ಬಿಟ್ಟುಕೊಡಲ್ಲ ಅಂದ್ರು, ಅರೆಸ್ಟ್ ಆದ್ರು, ಕಪ್ಪು ಜನ ಬಸ್ ಹತ್ತೋದು ಬಿಟ್ರು, ಪಾದ್ರಿ ಮಾರ್ಟಿನ್ ಲೂಥರ್ ಕಿಂಗ್ ಬಂದ್ರು, ಗೆದ್ರು. ಸ್ಕೂಲ್ ಪುಸ್ತಕದಲ್ಲಿ ಇಷ್ಟೇ ಇರೋದು. ಆದ್ರೆ ಒಂದು ಇಡೀ ಊರಿನ ಜನ 381 ದಿನ ಬಸ್ ಹತ್ತದೇ ಹೆಂಗೆ ಬದುಕಿದ್ರು? ಕೆಲಸಕ್ಕೆ ಹೋಗ್ಬೇಕು, ಅಡುಗೆ ಕೆಲಸದವರು, ಬಟ್ಟೆ ಒಗೆಯೋರು, ಊರಿನ ಈ ತುದಿಯಿಂದ ಆ ತುದಿಗೆ. ಅಲ್ಲಿರೋದು ನಮಗೆ ಬೇಕಾಗಿರೋ ಪಾಠ.

ಮೊದಲು ಹೇಳ್ಬೇಕಾದ್ದು, ಇದನ್ನ ಶುರು ಮಾಡಿದ್ದು ಪಾದ್ರಿಗಳಲ್ಲ. ಜೋ ಆನ್ ರಾಬಿನ್ಸನ್ ಅಂತ ಕಾಲೇಜು ಮೇಡಂ ಒಬ್ರು, ಮಹಿಳಾ ಸಂಘಟನೆ ನಡೆಸ್ತಿದ್ರು, ಅರೆಸ್ಟ್ ಆದ ರಾತ್ರಿನೇ ಕಾಲೇಜಿನ ಮೆಷಿನ್ನಲ್ಲಿ ಹತ್ತಾರು ಸಾವಿರ ಕರಪತ್ರ ಪ್ರಿಂಟ್ ಹಾಕ್ಬಿಟ್ರು. ಇ.ಡಿ. ನಿಕ್ಸನ್ ಅಂತ ರೈಲಿನಲ್ಲಿ ಕೆಲಸ ಮಾಡ್ತಿದ್ದ ಯೂನಿಯನ್ ಲೀಡರ್, ಬೆಳಿಗ್ಗೆ ಒಬ್ಬೊಬ್ಬ ಪಾದ್ರಿಗೂ ಫೋನ್ ಮಾಡಿದ್ರು. ಪಾದ್ರಿಗಳು ಬಂದ್ರು, ಆದ್ರೆ ಕೆಲವರು ನಮ್ಮ ಹೆಸರು ಹೊರಗೆ ಬರೋದು ಬೇಡ, ಗುಟ್ಟಾಗಿ ಮಾಡೋಣ ಅಂದ್ರಂತೆ. ನಿಕ್ಸನ್ ಅಲ್ಲೇ ಬೈದ್ರು, ಇಷ್ಟು ವರ್ಷ ಈ ಹೆಂಗಸರು ಬಟ್ಟೆ ಒಗೆದು ದುಡಿದ ದುಡ್ಡಲ್ಲಿ ಬದುಕಿದೀರಿ, ಈಗ ಹೆದರ್ತೀರಾ ಅನ್ನೋ ಅರ್ಥದಲ್ಲಿ. ವೇದಿಕೆ ಮೇಲಿರೋ ಪೂಜ್ಯರು ಬೇಜಾರು ಮಾಡ್ಕೋಬಾರದು, ಆದ್ರೆ ಈ ಬೈಗುಳ ಇಲ್ದೆ ಇದ್ದಿದ್ರೆ ಒಕ್ಕೂಟ ಹುಟ್ತಿತ್ತೋ ಇಲ್ವೋ. ಕಾವಿ ಆಗ್ಲಿ ಬಿಳಿ ಕಾಲರ್ ಆಗ್ಲಿ, ತಮ್ಮ ಮುಂದೆ ದಿನಾ ಕೂರೋ ಜನ ಒತ್ತಾಯ ಮಾಡದೇ ತಾನಾಗಿ ಬೀದಿಗಿಳಿಯೋದು ಬಹಳ ಕಮ್ಮಿ.

ಡಿಸೆಂಬರ್ 5, ಸೋಮವಾರ ಮಧ್ಯಾಹ್ನ ಮಾಂಟ್‌ಗೊಮರಿ ಇಂಪ್ರೂವ್‌ಮೆಂಟ್ ಅಸೋಸಿಯೇಷನ್ ಅಂತ ಅವರ ಒಕ್ಕೂಟ ಹುಟ್ಕೊಳ್ತು. ಬ್ಯಾಪ್ಟಿಸ್ಟ್ ಚರ್ಚಿನವರು, ಮೆಥಡಿಸ್ಟ್ ಪಂಥದವರು, ಅವರವರಲ್ಲೇ ಹಳೇ ಪೈಪೋಟಿ, ನಮ್ಮಲ್ಲಿ ಒಂದೇ ಸಮುದಾಯದ ಎರಡು ಮಠಕ್ಕೆ ಇರಲ್ವಾ, ಹಂಗೆ. ಅಧ್ಯಕ್ಷ ಯಾರು? ಊರಿನ ಹಿರಿಯ ಪಾದ್ರಿಗಳನ್ನೆಲ್ಲ ಬಿಟ್ಟು 26 ವರ್ಷದ ಮಾರ್ಟಿನ್ ಲೂಥರ್ ಕಿಂಗ್‌ನ ಆರಿಸಿದ್ರು. ಅವರು ಊರಿಗೆ ಬಂದಿದ್ದೇ 1954ರಲ್ಲಿ, ಯಾವ ಗುಂಪಿನ ಹಳೇ ಜಗಳದಲ್ಲೂ ಇರ್ಲಿಲ್ಲ. ಸೋತ್ರೆ ಹುಡುಗನ ಮೇಲೆ ಹಾಕಿಬಿಡೋಣ ಅನ್ನೋ ಲೆಕ್ಕಾಚಾರನೂ ಕೆಲವರಿಗೆ ಇತ್ತು ಅಂತ ಹೇಳ್ತಾರೆ, ಇರಬಹುದು, ಮನುಷ್ಯರೇ ತಾನೇ.

ಬೇಡಿಕೆ ಕೇಳಿದ್ರೆ ನಿಮಗೆ ಆಶ್ಚರ್ಯ ಆಗುತ್ತೆ. ಡ್ರೈವರ್‌ಗಳು ಮರ್ಯಾದೆಯಿಂದ ಮಾತಾಡಿಸ್ಬೇಕು, ಕಪ್ಪು ಜನ ಹಿಂದಿನಿಂದ, ಬಿಳಿಯರು ಮುಂದಿನಿಂದ ಬಂದ ಹಾಗೆ ಕೂತ್ಕೋಬೇಕು, ಕಪ್ಪು ಜನ ಜಾಸ್ತಿ ಓಡಾಡೋ ರೂಟಲ್ಲಿ ಕಪ್ಪು ಡ್ರೈವರ್‌ಗಳನ್ನ ತಗೋಬೇಕು. ಅಷ್ಟೇ! ಬಸ್ಸಲ್ಲಿ ಭೇದ ಪೂರ್ತಿ ಹೋಗ್ಬೇಕು ಅಂತ ಮೊದಲಿಗೆ ಕೇಳೇ ಇರ್ಲಿಲ್ಲ. ಇದನ್ನ ಹೇಡಿತನ ಅನ್ನೋರು ಇದಾರೆ, ನನಗೆ ಹಂಗನ್ಸಲ್ಲ, ಸಣ್ಣ ಬೇಡಿಕೆ ಆಗಿದ್ದಕ್ಕೇ ಹೆದರೋ ಪಾದ್ರಿನೂ ಒಳಗೆ ಬಂದ್ರು. ಆಡಳಿತದವರು ಅಷ್ಟನ್ನೂ ಕೊಡಲ್ಲ ಅಂದಾಗ ಬೇಡಿಕೆ ತಾನಾಗಿ ದೊಡ್ಡದಾಯ್ತು, ಕೇಸು ಫೆಡರಲ್ ಕೋರ್ಟಿಗೆ ಹೋಯ್ತು.

ಇನ್ನು ಬಂಡಿ ವ್ಯವಸ್ಥೆ, ನಂಗೆ ಬಹಳ ಇಷ್ಟ ಆಗೋ ಭಾಗ. ಮೊದಲು ಕಪ್ಪು ಟ್ಯಾಕ್ಸಿಯವರು ಬಸ್ ಚಾರ್ಜಿಗೇ, ಅಂದ್ರೆ 10 ಸೆಂಟಿಗೆ ಜನರನ್ನ ಕರ್ಕೊಂಡು ಹೋದ್ರು. ಊರಾಡಳಿತ ಸುಮ್ನಿರುತ್ತಾ, ಟ್ಯಾಕ್ಸಿ ಕನಿಷ್ಠ ದರ 45 ಸೆಂಟು, ಕಮ್ಮಿ ತಗೊಂಡ್ರೆ ಕೇಸು ಅಂತು. ಆಗ ಕಿಂಗ್ ಬ್ಯಾಟನ್ ರೂಜ್ ಊರಿನ ಪಾದ್ರಿ ಜೆಮಿಸನ್‌ಗೆ ಫೋನ್ ಮಾಡಿದ್ರು, ಅಲ್ಲಿ 1953ರಲ್ಲೇ ಹಿಂಗೇ ಬಸ್ ಬಹಿಷ್ಕಾರ ಆಗಿತ್ತು, ಅನುಭವ ಇದ್ದೋರನ್ನ ಕೇಳೋದಕ್ಕೆ ನಾಚಿಕೆ ಪಡ್ಲಿಲ್ಲ. ಸುಮಾರು 300 ಖಾಸಗಿ ಕಾರುಗಳು, ಎಲ್ಲಿ ಹತ್ತೋದು ಎಲ್ಲಿ ಇಳಿಯೋದು ಅಂತ ಪಾಯಿಂಟ್‌ಗಳು, ಟೈಮಿಂಗ್ಸ್, ಎಲ್ಲ ಕೂತು ಬರೆದ್ರು. ಆಮೇಲೆ ದೇಣಿಗೆ ಬಂದಾಗ ಸ್ಟೇಷನ್ ವ್ಯಾಗನ್‌ಗಳನ್ನ ಕೊಂಡು ಬೇರೆ ಬೇರೆ ಚರ್ಚಿನ ಹೆಸರಲ್ಲಿ ರಿಜಿಸ್ಟರ್ ಮಾಡಿಸಿದ್ರು, ಗಾಡಿ ಮೇಲೆ ಚರ್ಚಿನ ಹೆಸರು, ಜನ ಅದನ್ನ ಚಕ್ರದ ಮೇಲಿರೋ ಚರ್ಚು ಅಂತಿದ್ರು. ಇನ್ಶೂರೆನ್ಸ್ ಕಂಪನಿಗಳು ಪಾಲಿಸಿ ಕ್ಯಾನ್ಸಲ್ ಮಾಡಿದ್ವು, ಕೊನೆಗೆ ಲಂಡನ್ನಿನ ಲಾಯ್ಡ್ಸ್‌ನಿಂದ ಇನ್ಶೂರೆನ್ಸ್ ಮಾಡಿಸಿದ್ರು. ನೋಡಿ, ಒಕ್ಕೂಟ ಅಂದ್ರೆ ಹಿಂಗಿರುತ್ತೆ, ಪೆಟ್ರೋಲು, ಟೈರು, ಪಾಲಿಸಿ ನಂಬರು. ಜಾರ್ಜಿಯಾ ಗಿಲ್ಮೋರ್ ಅನ್ನೋ ಅಡುಗೆ ಕೆಲಸದ ಹೆಂಗಸು ಗೆಳತಿಯರನ್ನ ಸೇರಿಸ್ಕೊಂಡು ಊಟ, ಕೇಕು ಮಾಡಿ ಮಾರಿ ಸಭೆಗೆ ದುಡ್ಡು ತಂದುಕೊಡ್ತಿದ್ರು.

ಸಭೆಗಳು ಒಂದೇ ಚರ್ಚಲ್ಲಿ ಆಗ್ತಿರ್ಲಿಲ್ಲ, ಸರದಿ ಪ್ರಕಾರ ಈ ವಾರ ಒಂದು ಚರ್ಚು, ಮುಂದೆ ಇನ್ನೊಂದು. ಇದು ನಮ್ಮ ಯಾವ ಒಕ್ಕೂಟದಲ್ಲೂ ನಾನು ನೋಡಿಲ್ಲ, ನಮ್ಮಲ್ಲಿ ಹಾಲ್ ಕೊಟ್ಟೋರ ಬ್ಯಾನರೇ ಕೊನೆ ತನಕ.

ದುಡ್ಡಿನ ಗಲಾಟೆ ಆಗ್ಲಿಲ್ವಾ ಅಂದ್ರೆ ಆಯ್ತು. 1956ರ ಜೂನಲ್ಲಿ ಕಾರ್ಯದರ್ಶಿ ಆಗಿದ್ದ ಪಾದ್ರಿ ಯುರೈಯಾ ಫೀಲ್ಡ್ಸ್ ಅವರೇ ಹಣ ದುರುಪಯೋಗ ಆಗ್ತಿದೆ ಅಂತ ಬಹಿರಂಗವಾಗಿ ಆರೋಪ ಮಾಡಿದ್ರು. ರಜೆ ಮೇಲೆ ಕ್ಯಾಲಿಫೋರ್ನಿಯಾಕ್ಕೆ ಹೋಗಿದ್ದ ಕಿಂಗ್ ವಾಪಸ್ ಓಡಿ ಬಂದ್ರು, ಫೀಲ್ಡ್ಸ್ ಆರೋಪ ವಾಪಸ್ ತಗೊಂಡ್ರು, ಜನ ಸಿಟ್ಟಲ್ಲಿದ್ರೂ ಕಿಂಗ್ ಸಭೇಲಿ ಅವರಿಗೆ ಮಾತಾಡೋಕೆ ಅವಕಾಶ ಕೊಡಿಸಿದ್ರು. ಹೊರಗಿನ ಹೊಡೆತ ಅಂತೂ ಕೇಳ್ಲೇಬೇಡಿ. ಜನವರಿ 30ಕ್ಕೆ ಕಿಂಗ್ ಮನೆಗೆ ಬಾಂಬು, ಫೆಬ್ರವರೀಲಿ ಬಹಿಷ್ಕಾರದ ವಿರುದ್ಧ ಇದ್ದ 1921ರ ಹಳೇ ಕಾಯ್ದೆ ತೆಗೆದು ಹತ್ತಾರು ಮುಖಂಡರ ಮೇಲೆ ಕೇಸು, ಅದರಲ್ಲಿ ಪಾದ್ರಿಗಳೇ ಸುಮಾರು ಎರಡು ಡಜನ್, ಒಳ್ಳೆ ಬಟ್ಟೆ ಹಾಕ್ಕೊಂಡು ತಾವಾಗೇ ಹೋಗಿ ಅರೆಸ್ಟ್ ಆದ್ರು. ಬಿಳಿಯರ ಚರ್ಚುಗಳು ಹೆಚ್ಚುಕಮ್ಮಿ ದೂರಾನೇ ಉಳಿದ್ವು, ರಾಬರ್ಟ್ ಗ್ರೇಟ್ಸ್ ಅನ್ನೋ ಬಿಳಿ ಲೂಥರನ್ ಪಾದ್ರಿ ತಮ್ಮ ಕಾರಲ್ಲೇ ಜನರನ್ನ ಬಿಡ್ತಿದ್ರು, ಅವರ ಮನೆಗೂ ಬಾಂಬು ಬಿತ್ತು. 1956ರ ನವೆಂಬರ್ 13ಕ್ಕೆ ಸುಪ್ರೀಂ ಕೋರ್ಟ್ ಬಸ್ಸಿನ ಭೇದ ಸಂವಿಧಾನ ಬಾಹಿರ ಅನ್ನೋ ತೀರ್ಪನ್ನ ಎತ್ತಿ ಹಿಡೀತು, ಆ ಕೇಸಲ್ಲಿ ಮುಂದೆ ನಿಂತಿದ್ದೂ ಹೆಂಗಸರೇ. ಹಂಗಾಗಿ ಪಾದ್ರಿಗಳೇ ಎಲ್ಲ ಮಾಡಿದ್ರು ಅಂದ್ರೆ ಸುಳ್ಳಾಗುತ್ತೆ, ಕೋರ್ಟಿನ ಆದೇಶ ಕೈಗೆ ಬರೋ ತನಕ ಜನ ಚದುರದ ಹಾಗೆ ಹಿಡಿದಿಟ್ಟಿದ್ದು ಅವರ ಕೆಲಸ.

ನಮ್ಮಲ್ಲಿ ಆಗಿಲ್ವಾ? ಆಗಿದೆ. ಎಂಜಲೆಲೆ ಮೇಲೆ ಉರುಳೋ ಮಡೆಸ್ನಾನದಂಥ ಆಚರಣೆ ವಿರುದ್ಧ ಕಾನೂನು ಬೇಕು ಅಂತ ಸಾಹಿತಿಗಳು, ದಲಿತ ಸಂಘಟನೆಗಳು ಕೇಳಿದಾಗ ನಿಡುಮಾಮಿಡಿಯ ವೀರಭದ್ರ ಚನ್ನಮಲ್ಲ ಸ್ವಾಮೀಜಿಯಂಥ ಮಠಾಧೀಶರು ಜೊತೆಗೆ ನಿಂತ್ರು. ಬೇರೆ ಕೆಲವು ಧಾರ್ಮಿಕ ಮುಖಂಡರು ವಿರೋಧನೂ ಮಾಡಿದ್ರು. 2017ರಲ್ಲಿ ಮಸೂದೆ ಪಾಸಾಯ್ತು, ಜಾರಿಗೆ ಬಂದಿದ್ದು 2020ರ ಜನವರೀಲಿ, ಅಷ್ಟೊತ್ತಿಗೆ ಜ್ಯೋತಿಷ್ಯ, ವಾಸ್ತು ಎಲ್ಲ ಅದರಿಂದ ಹೊರಗೆ ಹೋಗಿತ್ತು. ಅರ್ಧ ಗೆಲುವು ಅನ್ನಿ, ನಾನಂತೂ ಗೆಲುವು ಅಂತಾನೇ ಅಂತೀನಿ.

ಈಗ ನಮ್ಮ ತಾಲೂಕಿನ ವಿಷಯಕ್ಕೆ ಬರ್ತೀನಿ. ನನ್ನ ಪ್ರಪೋಸಲ್ ಬಾಲ್ಯವಿವಾಹ. ಇದನ್ನೇ ಯಾಕೆ ಆರಿಸ್ಕೊಂಡೆ ಅಂದ್ರೆ, ಇದು ಒಬ್ಬರ ಕೈಲಿ ಆಗೋ ಕೆಲಸ ಅಲ್ಲವೇ ಅಲ್ಲ. ಒಂದು ಮಠದ ಸಾಮೂಹಿಕ ವಿವಾಹದಲ್ಲಿ ವಯಸ್ಸಿನ ದಾಖಲೆ ಕೇಳಿದ್ರೆ ಹುಡುಗಿ ಅಪ್ಪ ಪಕ್ಕದೂರಿನ ದೇವಸ್ಥಾನಕ್ಕೆ ಹೋಗ್ತಾನೆ, ಅಲ್ಲೂ ಕೇಳಿದ್ರೆ ಬೆಳಗಿನ ಜಾವ ಮನೆ ಮುಂದೇನೇ ಚಪ್ಪರ ಹಾಕಿ ಪುರೋಹಿತರನ್ನ ಕರೆಸ್ತಾನೆ. ಒಂದು ಜಮಾತ್ ಬಿಗಿ ಮಾಡಿದ್ರೆ ಇನ್ನೊಂದು ಕಡೆ ನಿಕಾ ಆಗುತ್ತೆ. ಎಲ್ಲ ಬಾಗಿಲೂ ಒಟ್ಟಿಗೆ ಮುಚ್ಚಿದ್ರೆ ಮಾತ್ರ ನಡೆಯುತ್ತೆ, ಮಾಂಟ್‌ಗೊಮರೀಲೂ ಅರ್ಧ ಚರ್ಚುಗಳು ಬಸ್ ಹತ್ತಿ ಅಂದಿದ್ರೆ ವಾರದಲ್ಲೇ ಕತೆ ಮುಗೀತಿತ್ತು. ಕಾನೂನು ಹೊಸದೇನಲ್ಲ. ಹುಡುಗಿಗೆ 18, ಹುಡುಗನಿಗೆ 21. 2006ರ ಕಾಯ್ದೆ ಪ್ರಕಾರ ಮದುವೆ ಮಾಡಿಸಿದೋರಿಗೂ 2 ವರ್ಷದ ತನಕ ಜೈಲು, 1 ಲಕ್ಷದ ತನಕ ದಂಡ ಇದೆ, ಅಂದ್ರೆ ಮಂತ್ರ ಹೇಳಿದೋರೂ ಸೇರಿದ್ರು, ಅದೂ ಅಲ್ದೆ ಕರ್ನಾಟಕದ ತಿದ್ದುಪಡಿಯಾದ್ಮೇಲೆ ಅಂಥ ಮದುವೆ ನಮ್ಮ ರಾಜ್ಯದಲ್ಲಿ ಮೊದಲಿಂದಲೇ ಅಸಿಂಧು.

ಆದ್ರೆ ದಾಖಲೆ ಕೇಳೋದು ಅಷ್ಟಕ್ಕೇ ನಿಂತ್ರೆ ನಾವು ಗುಮಾಸ್ತರಾಗ್ತೀವಿ. ಹುಡುಗಿ ಓದು ಬಿಟ್ಟಿದ್ದು ಯಾಕೆ, ಹೈಸ್ಕೂಲಿಗೆ ಬಸ್ ಇಲ್ದಿದ್ದಕ್ಕಾ, ಮನೇಲಿ ಸಾಲ ಇದ್ದಿದ್ದಕ್ಕಾ, ಅದಕ್ಕೆ ಮಠದ ಹಾಸ್ಟೆಲ್ಲಲ್ಲಿ, ಕಾನ್ವೆಂಟಲ್ಲಿ ಸೀಟು ಕೊಡೋಕಾಗುತ್ತಾ? ಜಾತಿ ಕೇಳದೆ, ಧರ್ಮ ಕೇಳದೆ? ಇಲ್ಲೇ ನಿಜವಾದ ಒಕ್ಕೂಟದ ಪರೀಕ್ಷೆ ಇರೋದು, ಇಲ್ಲಿ ಕೆಲವರು ತಲೆ ಕೆಳಗೆ ಹಾಕಿದ್ದು ನಂಗೆ ಕಾಣ್ತಿದೆ, ಪರವಾಗಿಲ್ಲ, ಮಾತಾಡೋಣ.

ಹಂಗಾಗಿ ಇವತ್ತು ನಿರ್ಣಯ ಗಿರ್ಣಯ ಬೇಡ. ಮದುವೆ ಮಾಡಿಸೋ ಎಲ್ರೂ, ಪುರೋಹಿತರು, ಜಂಗಮರು, ಖಾಜಿಗಳು, ಫಾದರ್‌ಗಳು, ಅಡುಗೆ ಭಟ್ರು ಮತ್ತೆ ಚಪ್ಪರದವರನ್ನೂ ಸೇರಿಸಿ, ಟಿಸಿ ಅಥವಾ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ನೋಡದೆ ಅಡ್ವಾನ್ಸ್ ತಗೊಳಲ್ಲ ಅಂತ ಒಂದು ಪಟ್ಟಿ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡೋದು ಯಾರು ಅನ್ನೋದು ಮೊದಲೇ ಗೊತ್ತಿರ್ಬೇಕು. ಅಧ್ಯಕ್ಷರು ಬೇಕೇ ಬೇಕು ಅಂದ್ರೆ ಯಾವ ಮಠಕ್ಕೂ ಸೇರದ ಹೈಸ್ಕೂಲ್ ಮೇಡಂ ಒಬ್ರನ್ನ ಕೂರಿಸಿ, ಲೆಕ್ಕದ ಪುಸ್ತಕ ಪ್ರತಿ ಸಭೇಲೂ ಟೇಬಲ್ ಮೇಲಿರ್ಲಿ. ಸಭೆ ಸರದಿ ಮೇಲೆ. ಮೊದಲನೇದು ಮಸೀದಿ ಹಾಲಲ್ಲೋ, ಮಠದಲ್ಲೋ, ಚರ್ಚಲ್ಲೋ ಅನ್ನೋದನ್ನ ಈಗಲೇ ಚೀಟಿ ಎತ್ತಿ ತೀರ್ಮಾನ ಮಾಡಿಬಿಡೋಣ, ಫೋಟೋಗ್ರಾಫರ್ ಸ್ವಲ್ಪ ಕಾಯ್ಲಿ.