ಬೋರ್ಡಿನ ಮೇಲೆ ಲಿಮಿಟೆಡ್, ಬ್ಯಾಂಕಿನಲ್ಲಿ ಅಪ್ಪನ ಸಹಿ

ನಮಸ್ಕಾರ, ಬಳ್ಳಾರಿಯಿಂದ ಮಾತಾಡುತ್ತಿದ್ದೇನೆ. ಹಿಂದೆ ಮಷಿನ್ ಸದ್ದು ಕೇಳಿಸಿದರೆ ಬೇಜಾರಾಗಬೇಡಿ. ಪಕ್ಕದ ಮನೆಯಲ್ಲೇ ಜೀನ್ಸ್ ಹೊಲಿಯುತ್ತಾರೆ. ಊಟದ ಹೊತ್ತಿಗೆ ಮಾತ್ರ ನಿಲ್ಲುತ್ತದೆ, ಆಗ ನನಗೂ ಹಸಿವು.

ಹೋದ ವಾರ ಆ ಯೂನಿಟ್ಟಿನ ಹುಡುಗ ಬಂದ. “ಅಣ್ಣ, ಎಲ್‌ಎಲ್‌ಸಿ ಮಾಡಿಸಬೇಕು. ಎಷ್ಟಾಗುತ್ತೆ?”

ಯಾವುದೋ ವಿಡಿಯೋ ನೋಡಿದ್ದಾನೆ. ಎಲ್‌ಎಲ್‌ಸಿ, ಅಂದರೆ ಲಿಮಿಟೆಡ್ ಲಯಬಿಲಿಟಿ ಕಂಪನಿ, ಅಮೆರಿಕದ್ದಪ್ಪ. 1977ರಲ್ಲಿ ವಯೋಮಿಂಗ್ ರಾಜ್ಯದಲ್ಲಿ ಶುರುವಾಯಿತು. ನಮ್ಮ ಕಾನೂನಿನಲ್ಲಿ ಆ ಹೆಸರಿನದ್ದು ಇಲ್ಲ. ಇಲ್ಲಿರುವುದು ಪ್ರೈವೇಟ್ ಲಿಮಿಟೆಡ್, ಒಬ್ಬರೇ ಇದ್ದರೆ ಒನ್ ಪರ್ಸನ್ ಕಂಪನಿ, ಇಬ್ಬರೋ ಹೆಚ್ಚೋ ಇದ್ದರೆ ಎಲ್‌ಎಲ್‌ಪಿ, ಅಂದರೆ ಲಿಮಿಟೆಡ್ ಲಯಬಿಲಿಟಿ ಪಾರ್ಟ್ನರ್‌ಶಿಪ್, ಹೊಣೆಗೆ ಮಿತಿ ಇರುವ ಪಾಲುದಾರಿಕೆ. ಎಲ್‌ಎಲ್‌ಪಿಯ ಕಾಯ್ದೆ 2008ರದ್ದು.

ಯಾಕೆ ಬೇಕು ಅಂತ ಕೇಳಿದೆ. “ಬೋರ್ಡಿನ ಮೇಲೆ ಚೆನ್ನಾಗಿ ಕಾಣುತ್ತೆ ಅಣ್ಣ” ಅಂದ. ಸುಳ್ಳು ಹೇಳಲಿಲ್ಲ ನೋಡಿ, ಅದಕ್ಕೇ ಕೂರಿಸಿ ಮಾತಾಡಿದೆ.

ಲಿಮಿಟೆಡ್ ಅಂದರೆ ಇಷ್ಟೇ: ನೀವು ಬೇರೆ, ನಿಮ್ಮ ವ್ಯಾಪಾರ ಬೇರೆ ಎಂದು ಕಾನೂನು ಒಪ್ಪುತ್ತದೆ. ವ್ಯಾಪಾರ ಮುಳುಗಿದರೆ ಹಾಕಿದ ಬಂಡವಾಳ ಹೋಗುತ್ತದೆ, ಮನೆ ಉಳಿಯುತ್ತದೆ. ಕೇಳೋಕೆ ಚೆಂದ. ಈಗ ಬ್ಯಾಂಕಿಗೆ ಹೋಗಿ. ಮ್ಯಾನೇಜರ್ ಕಂಪನಿಯ ಕಾಗದವನ್ನೆಲ್ಲ ನೋಡಿ, ಆಮೇಲೆ ಇನ್ನೊಂದು ಕಾಗದ ಮುಂದಿಡುತ್ತಾರೆ. ಡೈರೆಕ್ಟರ್‌ಗಳ ವೈಯಕ್ತಿಕ ಜಾಮೀನು. ಸಾಲ ಸ್ವಲ್ಪ ದೊಡ್ಡದಾದರೆ ಅಪ್ಪನ ಹೆಸರಿನ ಮನೆಪತ್ರವನ್ನೂ ಕೇಳುತ್ತಾರೆ. ಆ ಸಹಿ ಬಿದ್ದ ಮೇಲೆ, ಆ ಸಾಲದ ಮಟ್ಟಿಗೆ, ಲಿಮಿಟೆಡ್ ಅನ್ನೋದು ಬೋರ್ಡಿನ ಮೇಲಷ್ಟೇ.

ಹಾಗಾಗಿ ಒಬ್ಬರೇ ನಾಲ್ಕು ಮಷಿನ್ ಇಟ್ಟುಕೊಂಡು ಜಾಬ್ ವರ್ಕ್ ಮಾಡುವವರಿಗೆ ನನ್ನ ಮಾತು: ಅವಸರ ಬೇಡ. ಕಂಪನಿ ಮಾಡಿದರೆ ಒಂದು ಪ್ಯಾಂಟೂ ಮಾರದ ವರ್ಷವೂ ಆಡಿಟ್ ಮಾಡಿಸಲೇಬೇಕು. ವಾರ್ಷಿಕ ಫಾರಂ ತಡವಾದರೆ ಒಂದೊಂದಕ್ಕೂ ದಿನಕ್ಕೆ 100 ರೂಪಾಯಿ. ಮರೆತು ಒಂದು ವರ್ಷ ಬಿಟ್ಟರೆ ಎಷ್ಟಾಯಿತು, ನೀವೇ ಲೆಕ್ಕ ಹಾಕಿ. ಸಣ್ಣ ಉದ್ದಿಮೆಗಳಿಗೆ ಸರ್ಕಾರ ಮಾಡಿಕೊಡುವ ಉದ್ಯಮ್ ನೋಂದಣಿಗೆ ಕಂಪನಿ ಬೇಕು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಸ್ವಂತ ಹೆಸರಿನ ಅಂಗಡಿಗೂ ಆಗುತ್ತದೆ, ಪುಕ್ಕಟೆ.

ಆದರೆ ಜೊತೆಗೆ ಇನ್ನೊಬ್ಬರಿದ್ದರೆ ನನ್ನ ಮಾತು ಪೂರ್ತಿ ಉಲ್ಟಾ.

ನಾನೂ ಒಂದು ಕಾಲಕ್ಕೆ ಗೆಳೆಯನ ಜೊತೆ ಸೇರಿ ಯೂನಿಟ್ ನಡೆಸಿದವನು. ಸಾದಾ ಪಾರ್ಟ್ನರ್‌ಶಿಪ್. ಅವನು ಹೊರಗೆ ಓಡಾಡುತ್ತಿದ್ದ, ನಾನು ಒಳಗೆ ಕಟಿಂಗ್ ನೋಡಿಕೊಳ್ಳುತ್ತಿದ್ದೆ. ಒಂದು ಸೀಸನ್‌ನಲ್ಲಿ ಅವನು ಫರ್ಮ್ ಹೆಸರಲ್ಲಿ ಡೆನಿಮ್ ಬಟ್ಟೆ ಉದ್ರಿ ತಂದ. ಎಷ್ಟು ಅಂತ ನನಗೆ ಗೊತ್ತಾದದ್ದು, ಬಟ್ಟೆಯವರ ಕಡೆಯ ಮನುಷ್ಯ ನಮ್ಮ ಮನೆ ಜಗಲಿ ಮೇಲೆ ಬಂದು ಕೂತಾಗ. “ನಾನು ಸಹಿ ಮಾಡಿಲ್ಲವಲ್ಲ” ಅಂದೆ. ಅವನು ನಕ್ಕ. ಕಾನೂನೂ ಅವನ ಕಡೆಗೇ ಇತ್ತು. 1932ರ ಪಾರ್ಟ್ನರ್‌ಶಿಪ್ ಕಾಯ್ದೆಯ ಪ್ರಕಾರ ಫರ್ಮಿನ ಸಾಲಕ್ಕೆ ಪ್ರತಿಯೊಬ್ಬ ಪಾಲುದಾರನೂ ಪೂರ್ತಿ ಹೊಣೆ. ಅರ್ಧ ಪಾಲು ನಿಮ್ಮದು ಅಂದರೆ ಅರ್ಧ ಸಾಲ ಅಂತಲ್ಲ. ಗೆಳೆಯ ಫೋನ್ ಎತ್ತದಿದ್ದರೆ ಇಡೀ ಬಾಕಿ ನಿಮ್ಮ ಬಾಗಿಲಿಗೇ. ನಮ್ಮಮ್ಮನ ಬಳೆ ಹೋಯಿತು. ಅಮ್ಮ ಆ ಬಗ್ಗೆ ಒಂದು ಮಾತೂ ಆಡಲಿಲ್ಲ.

ಎಲ್‌ಎಲ್‌ಪಿ ಆಗಿದ್ದರೆ ಆ ಬಾಕಿ ಎಲ್‌ಎಲ್‌ಪಿಯದ್ದು. ನನ್ನ ಬಂಡವಾಳ ಮುಳುಗುತ್ತಿತ್ತು, ಬಳೆ ಅಲ್ಲ. ಮೋಸ ಮಾಡಿದವನಿಗೆ ಮಾತ್ರ ಅಲ್ಲೂ ರಕ್ಷಣೆ ಇಲ್ಲ, ಅದು ಸರಿಯೇ.

ಖರ್ಚಿಲ್ಲ ಅನ್ನುವುದಿಲ್ಲ. ವಹಿವಾಟಿನ ಇಂತಿಷ್ಟು ಭಾಗವನ್ನೇ ಲಾಭ ಅಂತ ತೋರಿಸಿ ತೆರಿಗೆ ಕಟ್ಟುವ ಸೌಲಭ್ಯ ಸಾದಾ ಫರ್ಮಿಗೆ ಇದೆ, ಎಲ್‌ಎಲ್‌ಪಿಗೆ ಇಲ್ಲ. ವರ್ಷಕ್ಕೆ ಎರಡು ಫಾರಂ ತುಂಬಬೇಕು, ಒಂದು ಮೇ 30ರೊಳಗೆ, ಇನ್ನೊಂದು ಅಕ್ಟೋಬರ್ 30ರೊಳಗೆ. ಆದರೆ ವಹಿವಾಟು 40 ಲಕ್ಷ ಮತ್ತು ಬಂಡವಾಳ 25 ಲಕ್ಷ ದಾಟದಿದ್ದರೆ ಎಲ್‌ಎಲ್‌ಪಿ ಕಾಯ್ದೆಯಲ್ಲಿ ಆಡಿಟ್ ಕಡ್ಡಾಯವಲ್ಲ.

ಇನ್ನು ಎಲ್‌ಎಲ್‌ಪಿಯ ಪಾಲುದಾರರ ನಡುವಿನ ಒಪ್ಪಂದ ಪತ್ರ. ಎಲ್ಲರೂ ಎಡವುವುದು ಇಲ್ಲೇ. ನೋಂದಣಿಯಾದ 30 ದಿನದೊಳಗೆ ಸಲ್ಲಿಸಬೇಕು ಅಂತ ಏಜೆಂಟ್ ಯಾರದ್ದೋ ಹಳೆಯ ಪತ್ರದಲ್ಲಿ ಹೆಸರು ಬದಲಿಸಿ ಕೊಟ್ಟುಬಿಡುತ್ತಾನೆ. ಓದಿ ಸ್ವಾಮಿ. ನೀವು ಏನೂ ಬರೆದುಕೊಳ್ಳದಿದ್ದರೆ ಕಾಯ್ದೆಯ ಮೊದಲನೇ ಅನುಸೂಚಿ ಅನ್ವಯಿಸುತ್ತದೆ. ಅದರ ಪ್ರಕಾರ ಬಂಡವಾಳ, ಲಾಭ, ನಷ್ಟ ಎಲ್ಲ ಸಮಪಾಲು. ನೀವು 10 ಲಕ್ಷ ಹಾಕಿ ಅವರು 1 ಲಕ್ಷ ಹಾಕಿದ್ದರೂ ಸಮಪಾಲೇ. ದುಡಿದದ್ದಕ್ಕೆ ಬೇರೆ ಸಂಬಳವೂ ಇಲ್ಲ. ದಿನವಿಡೀ ಯೂನಿಟ್ಟಿನಲ್ಲಿ ನಿಲ್ಲುವವರಿಗೆ ಇದು ಉರಿಯುತ್ತದೆ, ಅಲ್ವಾ?

ಹುಡುಗನಿಗೆ ಇಷ್ಟೆಲ್ಲ ಹೇಳಿ ಕೊನೆಗೆ ಕೇಳಿದೆ, “ನಿನ್ನ ಜೊತೆ ಯಾರಿದ್ದಾರೆ?”

“ನಮ್ಮ ಭಾವ.”

“ಏನಾದರೂ ಬರೆದುಕೊಂಡಿದ್ದೀರಾ?”

“ಮನೆಯವರೇ ಅಲ್ವಾ ಅಣ್ಣ...”

ಒಂದು ಹಾಳೆ, ಪೆನ್ನು ಕೊಟ್ಟೆ. ಯಾರು ಎಷ್ಟು ಹಾಕಿದ್ದೀರಿ ಬರೆ ಅಂದೆ. ತನ್ನ ಹೆಸರು ಬರೆದ, ಮುಂದೆ ಮೊತ್ತ ಬರೆದ. ಕೆಳಗೆ ಭಾವನ ಹೆಸರು ಬರೆದ. ಪೆನ್ನು ಅಲ್ಲೇ ನಿಂತಿತು.

“ಕೇಳಿಕೊಂಡು ಬರ್ತೀನಿ ಅಣ್ಣ” ಅಂತ ಹಾಳೆ ಮಡಚಿ ಜೇಬಿಗೆ ಇಟ್ಟುಕೊಂಡ. ಇನ್ನೂ ಬಂದಿಲ್ಲ.