ಕಿವಿಗಿಂತ ಮುಂದೆ ಓಡುವ ಮನಸ್ಸು

ಕೇಳುಗರಿಗೆಲ್ಲ ನಮಸ್ಕಾರ. ಕಾರವಾರ, ಅಂಕೋಲಾ, ಕುಮಟಾ ಕಡೆ ಅಡುಗೆಮನೆಯಲ್ಲಿ ರೇಡಿಯೋ ಹಚ್ಚಿಟ್ಟುಕೊಂಡು ಕೆಲಸ ಮಾಡುತ್ತಿರುವ ಅಮ್ಮಂದಿರು, ಶಾಲೆಯ ಅಕ್ಕೋರು, ಮಾಸ್ತರು, ನಿಮ್ಮನ್ನೇ ನೆನೆದುಕೊಂಡು ಮಾತಾಡುತ್ತಿದ್ದೇನೆ.

ನಾನು ಹೇಳಬೇಕಾದದ್ದು ಒಂದೇ ಮಾತು. ಎದುರಿನವರು ಮಾತು ಮುಗಿಸಲಿ, ಆಮೇಲೆ ಅರ್ಥ ಮಾಡಿಕೊಳ್ಳೋಣ ಅಂತ ನಮ್ಮ ಮನಸ್ಸು ಕಾಯುವುದೇ ಇಲ್ಲ. ಕೇಳುತ್ತಿರುವಾಗಲೇ ಮುಂದೇನು ಬರುತ್ತದೆ ಅಂತ ಊಹಿಸುತ್ತಾ ಇರುತ್ತದೆ. ಓದುವಾಗಲೂ ಅಷ್ಟೇ.

ಮೀನುಪೇಟೆಯಲ್ಲಿ ಸ್ವಲ್ಪ ಹೊತ್ತು ನಿಂತು ಕೇಳಿ. ಬಂಗಡೆಗೆ ಎಷ್ಟು ಅಂತ ಕೇಳಿದವರ ಬಾಯಿ ಮುಚ್ಚುವುದರೊಳಗೆ ಉತ್ತರ ಬಂದಿರುತ್ತದೆ. ಜಗತ್ತಿನ 10 ಭಾಷೆಗಳ ಮಾತುಕತೆಯನ್ನು ಅಳೆದ ಅಧ್ಯಯನವೊಂದು 2009ರಲ್ಲಿ ಪ್ರಕಟವಾಯಿತು. ಪ್ರಶ್ನೆ ಮುಗಿದ ಮೇಲೆ ಉತ್ತರ ಬರಲು ಸರಾಸರಿ ಹಿಡಿಯುವ ಹೊತ್ತು ಸೆಕೆಂಡಿನ ಐದರಲ್ಲಿ ಒಂದು ಪಾಲು. ಆದರೆ ಒಂದು ಚಿತ್ರ ತೋರಿಸಿ ಇದೇನು ಅಂದರೆ, ಹೆಸರು ಹೇಳಲಿಕ್ಕೇ ಅರ್ಧ ಸೆಕೆಂಡಿಗಿಂತ ಜಾಸ್ತಿ ಬೇಕು. ಲೆಕ್ಕ ಕೂಡುವುದಿಲ್ಲ ಅಲ್ವಾ? ಪ್ರಶ್ನೆ ಇನ್ನೂ ಅರ್ಧದಲ್ಲಿರುವಾಗಲೇ ಉತ್ತರ ತಯಾರಾಗುತ್ತಿರುತ್ತದೆ, ಅದಕ್ಕೇ ಕೂಡುತ್ತದೆ.

ಇದು ನನಗೆ ಮನದಟ್ಟಾದದ್ದು ಶಿರಸಿ ಹತ್ತಿರದ ಒಂದು ತಾಳಮದ್ದಲೆಯಲ್ಲಿ, ಅಂದರೆ ವೇಷ, ಕುಣಿತವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನದಲ್ಲಿ. ಆಷಾಢದ ರಾತ್ರಿ. ತಗಡಿನ ಮಾಡು. ಘಟ್ಟದ ಮಳೆ ಹೇಗೆ ಅಂತ ನಿಮಗೆ ಹೇಳಬೇಕಾಗಿಲ್ಲ. ಮೈಕು ಇತ್ತು, ಕರೆಂಟು ಹೋಯಿತು. ಸಂಧಾನಕ್ಕೆ ಬಂದ ಕೃಷ್ಣನಿಗೂ ಕೌರವನಿಗೂ ವಾದ ಜೋರಾಗಿ ನಡೆದಿತ್ತು. ಪಾತ್ರವಾಗಿ ಮಾತಾಡುವ ಅರ್ಥಧಾರಿಗಳ ಬಾಯಿ ಆಡುವುದು ಕಾಣುತ್ತಿತ್ತು, ಎರಡು ಶಬ್ದ ಕೇಳಿದರೆ ಮೂರನೆಯದು ಮಳೆಯ ಪಾಲು. ಹಾಗಿದ್ದರೂ ಒಬ್ಬರೂ ಎದ್ದು ಹೋಗಲಿಲ್ಲ. ನನ್ನ ಮುಂದೆ ಕಂಬಳಿ ಹೊದ್ದು ಕೂತಿದ್ದ ಒಬ್ಬ ಅಜ್ಜನ ತುಟಿಯನ್ನೇ ನಾನು ನೋಡುತ್ತಿದ್ದೆ. ಕೌರವ "ಸೂಜಿಯ ಮೊನೆಯಷ್ಟು" ಅನ್ನುವಷ್ಟರಲ್ಲಿ ಮಳೆ ಭೋರೆಂದಿತು. ಅಜ್ಜನ ತುಟಿ ಮಾತ್ರ "ನೆಲವನ್ನೂ ಕೊಡೆನು" ಅಂತ ಆಡಿ ಮುಗಿಸಿತು. ಆಮೇಲೆ ಕೇಳಿದೆ, "ಅಜ್ಜಾ, ಆ ಮಾತು ಕೇಳಿಸ್ತಾ?" "ಕೇಳದೆ ಏನು, ಚೊಲೋ ಕೇಳ್ತು" ಅಂದರು. ಅವರು ಸುಳ್ಳು ಹೇಳಲಿಲ್ಲ. ಅವರಿಗೆ ನಿಜವಾಗಿಯೂ ಕೇಳಿಸಿತ್ತು.

ಪಕ್ಕದಲ್ಲೇ ಬೆಂಗಳೂರಿನಿಂದ ರಜೆಗೆ ಬಂದ ಹುಡುಗನೊಬ್ಬ ಕೂತಿದ್ದ. ಕಿವಿ ಚುರುಕು, ಕನ್ನಡವೂ ಬರುತ್ತದೆ. ಎರಡು ನಿಮಿಷಕ್ಕೊಮ್ಮೆ "ಏನಂದ್ರು, ಏನಂದ್ರು" ಅಂತ ಕೇಳುತ್ತಲೇ ಇದ್ದ. ಅದೇ ಮಳೆ, ಅದೇ ಮಾತು. ಅಜ್ಜನಿಗೆ ಕತೆ ಗೊತ್ತಿತ್ತು, ಹುಡುಗನಿಗೆ ಗೊತ್ತಿರಲಿಲ್ಲ.

1970ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ರಿಚರ್ಡ್ ವಾರನ್ ಇದನ್ನೇ ಪ್ರಯೋಗ ಮಾಡಿ ತೋರಿಸಿದರು. ಧ್ವನಿಮುದ್ರಣದಲ್ಲಿ ಒಂದು ಶಬ್ದದ ಒಂದು ಉಚ್ಚಾರವನ್ನು ಕತ್ತರಿಸಿ ತೆಗೆದು, ಅಲ್ಲಿ ಕೆಮ್ಮು ಸೇರಿಸಿದರು. ಕೇಳಿದವರಿಗೆ ಶಬ್ದ ಇಡಿಯಾಗಿಯೇ ಕೇಳಿಸಿತು. ಕೆಮ್ಮು ಸರಿಯಾಗಿ ಎಲ್ಲಿ ಬಂತು ಅಂತಲೂ ಹೇಳಲು ಬರಲಿಲ್ಲ.

ಸಮಯ ಕಡಿಮೆ ಇದೆ, ಓದಿನ ವಿಷಯ ಬೇಗ ಹೇಳಿಬಿಡುತ್ತೇನೆ. ಓದುವಾಗ ಕಣ್ಣು ಸಾಲಿನ ಮೇಲೆ ಜಾರಿಕೊಂಡು ಹೋಗುವುದಿಲ್ಲ, ಜಿಗಿಯುತ್ತದೆ. ಒಂದೊಂದು ಕಡೆ ಸುಮಾರು ಕಾಲು ಸೆಕೆಂಡು ನಿಂತು ಮತ್ತೆ ಜಿಗಿಯುತ್ತದೆ. ಪರಿಚಯದ ಸಣ್ಣ ಶಬ್ದಗಳನ್ನು ಎಷ್ಟೋ ಸಲ ದಾಟಿಯೇ ಹೋಗುತ್ತದೆ. ಇಲ್ಲಿಯೂ ಊಹೆಯೇ ಮುಂದೆ.

ಈಗ ನಮ್ಮ ಮಕ್ಕಳನ್ನು ನೋಡಿ. ಕಾಗುಣಿತ, ಒತ್ತಕ್ಷರ ಎಲ್ಲ ಸೇರಿದರೆ ಕನ್ನಡದಲ್ಲಿ ನೂರಾರು ಆಕಾರ. ಅವೆಲ್ಲ ಕೈಗೆ ಹತ್ತಲು ನಾಲ್ಕನೇ ಇಯತ್ತೆ, ಐದನೇ ಇಯತ್ತೆಯವರೆಗೂ ಹಿಡಿಯಬಹುದು. ಅಷ್ಟರೊಳಗೆ ಮಗುವಿಗೆ ಆಸರೆ ಅಂದರೆ ಊಹೆ. ಕರಾವಳಿಯಲ್ಲಿ ಎಷ್ಟೋ ಮನೆಗಳಲ್ಲಿ ಕೊಂಕಣಿ ಮಾತು, ಭಟ್ಕಳದಲ್ಲಿ ನವಾಯತಿ, ಹಾಲಕ್ಕಿ ಕೇರಿಯ ಕನ್ನಡವೇ ಬೇರೆ. ಪುಸ್ತಕದ ವಾಕ್ಯ ಮುಂದೆ ಎತ್ತ ಹೋಗುತ್ತದೆ ಅಂತ ಆ ಮಗುವಿಗೆ ಗೊತ್ತೇ ಇಲ್ಲ. ತಾಳಮದ್ದಲೆಯ ಆ ಹುಡುಗನ ಪಾಡೇ ಇದರದ್ದೂ. ನಾವು ನೋಡಿದರೆ ಬೆರಳಿಟ್ಟು ಒಂದೊಂದೇ ಅಕ್ಷರ ಓದಿಸುತ್ತೇವೆ, ತಡವರಿಸಿದರೆ ಗದರುತ್ತೇವೆ. ದಯವಿಟ್ಟು ಇದನ್ನು ಬಿಡಿ. ಎಷ್ಟು ಸಲ ಹೇಳಿದರೂ ಮನೆಗಳಲ್ಲಿ ಇದು ನಿಲ್ಲುತ್ತಿಲ್ಲ, ನನಗೆ ಬೇಜಾರಾಗುತ್ತದೆ.

ಇವತ್ತು ರಾತ್ರಿ ಮಗು ಓದಲು ಕೂತಾಗ ಪುಸ್ತಕ ಮುಚ್ಚಿಟ್ಟು, ಆ ಪಾಠದ ಕತೆಯನ್ನು ಮೊದಲು ನೀವೇ ಹೇಳಿ. ಮನೆಮಾತಿನಲ್ಲೇ ಹೇಳಿ, ಕೊಂಕಣಿಯಾದರೆ ಕೊಂಕಣಿಯಲ್ಲೇ. ನಡುವೆ ನಿಲ್ಲಿಸಿ, "ಮುಂದೇನಾಗಿರಬಹುದು?" ಅಂತ ಕೇಳಿ. ಅದು ಏನು ಹೇಳಿದರೂ ಕೇಳಿಸಿಕೊಳ್ಳಿ. ಆಮೇಲೆ ಪುಸ್ತಕ ತೆಗೆಯಿರಿ. ನಮಸ್ಕಾರ.